ತೋಟಾ ಮೊದಲು, ಕೋವಿ ಆಮೇಲೆ

1950ರ ದಶಕದಲ್ಲಿ ಯಾವುದಾದರೂ ದೇಶ ತನ್ನ ಕಾಲ್ದಳಕ್ಕೆ ಹೊಸ ರೈಫಲ್ ಹುಡುಕಿಕೊಂಡು ಹೊರಟಿದ್ದರೆ, ಸೋವಿಯತ್ ಬಣದ ಹೊರಗೆ ಅದಕ್ಕೆ ಸಿಗುತ್ತಿದ್ದ ಆಯ್ಕೆಗಳು ಒಂದೇ ಕೈಯ ಬೆರಳಲ್ಲಿ ಎಣಿಸುವಷ್ಟು. ಬೆಲ್ಜಿಯಂನ ಫಾಲ್, ಅಮೆರಿಕದ ಎಂ-14, ತುಸು ತಡವಾಗಿ ಬಂದ ಜರ್ಮನಿಯ ಜಿ-3. ಮೂರನ್ನೂ ಒಂದೇ ಮೇಜಿನ ಮೇಲಿಟ್ಟರೆ ಬೇರೆ ಬೇರೆ ಮನೆಯ ಮಕ್ಕಳಂತೆ ಕಾಣುತ್ತವೆ. ಲೆಕ್ಕ ಹಾಕಿದರೆ ಮಾತ್ರ ಒಂದೇ. ಮೂರೂ ಉಣ್ಣುವುದು 7.62 ಮಿ.ಮೀ.ನ ಅದೇ ತೋಟಾ, ಮೂರರ ಮ್ಯಾಗಜಿನ್ನಿನಲ್ಲೂ ಇಪ್ಪತ್ತೇ ಗುಂಡು, ಮೂರೂ ನಾಲ್ಕು ಕಿಲೋ ದಾಟಿದ ಭಾರ. ಹೀಗಿದ್ದೂ ಇವುಗಳಲ್ಲಿ ಯಾವುದು ಮೇಲು ಎಂಬ ಜಗಳ ಎಪ್ಪತ್ತು ವರ್ಷವಾದರೂ ನಿಂತಿಲ್ಲ. ಬಂದೂಕಿನ ಹುಚ್ಚಿರುವ ಇಬ್ಬರನ್ನು ಒಂದು ಕಡೆ ಕೂರಿಸಿ ಈ ಮೂರು ಹೆಸರು ಹೇಳಿ ಎದ್ದು ಬಂದರೆ ಸಾಕು, ಸಂಜೆಯವರೆಗೆ ಅವರಿಗೆ ಬೇರೆ ಕೆಲಸ ಬೇಡ.

ನಾನು ಪಿಎಚ್‌ಡಿ ಮಾಡುತ್ತಿರುವುದು ತಂತ್ರಜ್ಞಾನದ ಚರಿತ್ರೆಯಲ್ಲಿ. ವಿಷಯ, ಸ್ವಾತಂತ್ರ್ಯದ ನಂತರದ ಆಯುಧ ಕಾರ್ಖಾನೆಗಳು. ಮದುವೆ ಮನೆಗಳಲ್ಲಿ ಇದನ್ನು ಹೇಳಿದರೆ ಒಂದು ಕ್ಷಣ ಮೌನ. ಆಮೇಲೆ ಯಾರಾದರೊಬ್ಬ ಅತ್ತೆ, "ಹೆಣ್ಣು ಹುಡುಗಿಗೆ ಬಂದೂಕಿನ ಉಸಾಬರಿ ಯಾಕೆ?" ಎನ್ನುತ್ತಾರೆ. ಕುಕ್ಕರಿನ ಚರಿತ್ರೆ ಬರೆಯುತ್ತೇನೆ ಎಂದಿದ್ದರೆ ಕೇಳುತ್ತಿರಲಿಲ್ಲವೇನೋ. ಆದರೆ ನನಗೆ ಬಂದೂಕಿಗಿಂತ ಹೆಚ್ಚು ಕುತೂಹಲ ಇರುವುದು ಆಯ್ಕೆಯ ಮೇಲೆ. ಲಕ್ಷಾಂತರ ಜನ ವರ್ಷಗಟ್ಟಲೆ ಹೆಗಲಿಗೆ ಹಾಕಿಕೊಂಡು ತಿರುಗುವ ಒಂದು ವಸ್ತುವನ್ನು ಯಾರು, ಯಾವ ಕೋಣೆಯಲ್ಲಿ ಕುಳಿತು, ಏನನ್ನು ನೋಡಿ ಆರಿಸುತ್ತಾರೆ? ಈ ಮೂರು ರೈಫಲ್‌ಗಳ ವಿಷಯದಲ್ಲಿ ಆ ಪ್ರಶ್ನೆಗೆ ಸಿಗುವ ಉತ್ತರ ವಿಚಿತ್ರವಾಗಿದೆ. ಕೋವಿಯನ್ನು ಆರಿಸಲು ಕುಳಿತವರು ಬಹುಪಾಲು ಕೋವಿಯನ್ನು ನೋಡಲೇ ಇಲ್ಲ.

ಮೊದಲು ಹೆಸರಿನ ಮಾತು. ಇಂಥವನ್ನು ಇಂಗ್ಲಿಷಿನಲ್ಲಿ ಈಗ 'ಬ್ಯಾಟಲ್ ರೈಫಲ್' ಎನ್ನುತ್ತಾರೆ. ಅವು ಹುಟ್ಟಿದ ಕಾಲದಲ್ಲಿ ಆ ಹೆಸರು ಚಾಲ್ತಿಯಲ್ಲಿರಲಿಲ್ಲ. ಚಿಕ್ಕ ತೋಟಾದ 'ಅಸಾಲ್ಟ್ ರೈಫಲ್'ಗಳಿಂದ ಬೇರೆ ಮಾಡಿ ಹೇಳಲು ಆಮೇಲೆ ಅಂಟಿಸಿದ ಚೀಟಿ ಅದು. ಕನ್ನಡದಲ್ಲಿ ಸಮರ ಕೋವಿ ಎಂದು ಬರೆಯಬಹುದು, ಆದರೆ ಪೌರಾಣಿಕ ನಾಟಕದ ವಾಸನೆ ಬರುತ್ತದೆ. ನಮ್ಮ ಮಲೆನಾಡಿನ ಭಾಷೆ ಈ ವಿಷಯದಲ್ಲಿ ಹೆಚ್ಚು ಚುರುಕು. ಅಲ್ಲಿ ಕೇಪಿನ ಕೋವಿ ಬೇರೆ, ತೋಟಾ ಕೋವಿ ಬೇರೆ. ಅಂದರೆ ಕೋವಿಗೆ ಹೆಸರು ಬರುವುದು ಅದರೊಳಗೆ ತುಂಬುವುದರಿಂದ. ಸಾವಿರಾರು ಪುಟಗಳ ಸೇನಾ ದಾಖಲೆ ಹೇಳುವ ಸತ್ಯವೂ ಅಷ್ಟೇ: ತೋಟಾ ಯಾವುದು ಎಂದು ಗೊತ್ತಾದ ಮೇಲೆ ರೈಫಲ್‌ನ ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗುತ್ತದೆ. ಅದರ ಉದ್ದ, ತೂಕ, ಒದೆತ, ಸೈನಿಕ ಎಷ್ಟು ಗುಂಡು ಹೊರಬಲ್ಲ ಎಂಬುದು ಎಲ್ಲ.

ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನ ವಿನ್ಯಾಸಕಾರರಿಗೆ ಒಂದು ಪಾಠ ಸ್ಪಷ್ಟವಾಗಿತ್ತು. ಕಾಲಾಳುಗಳು ಗುಂಡು ಹಾರಿಸುವುದು ಹೆಚ್ಚಾಗಿ ಮುನ್ನೂರು ಮೀಟರಿನ ಒಳಗೆ. ಅವರ ಕೈಯಲ್ಲಿದ್ದ ರೈಫಲ್‌ಗಳೋ ಸಾವಿರ ಮೀಟರ್ ಆಚೆಗೂ ಮಾರಕವಾಗಿರಲೆಂದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಲೆಕ್ಕ ಹಾಕಿ ಮಾಡಿದಂಥವು. ಜರ್ಮನರು ಯುದ್ಧದ ನಡುವೆಯೇ ಗಿಡ್ಡ ತೋಟಾ ಮಾಡಿಕೊಂಡು ಅದಕ್ಕೊಂದು ರೈಫಲ್ ಕಟ್ಟಿದ್ದರು. ಸೋವಿಯತ್ತರು ಅದೇ ದಾರಿ ಹಿಡಿದು ಕಲಾಶ್ನಿಕೋವ್‌ಗೆ ತಲುಪಿದರು. ಬ್ರಿಟಿಷರೂ ಕೂತು ಲೆಕ್ಕ ಹಾಕಿ 0.280 ಅಂಗುಲದ ಸಾಧಾರಣ ಬಲದ ತೋಟಾ ರೂಪಿಸಿದರು. ಬೆಲ್ಜಿಯಂನ ಹರ್ಸ್ಟಾಲ್‌ನಲ್ಲಿದ್ದ ಎಫ್‌ಎನ್ ಕಂಪನಿಯ ದ್ಯೂದೊನೆ ಸೈವ್ ಎಂಬ ವಿನ್ಯಾಸಕಾರ ಫಾಲ್ ಅನ್ನು ಮೊದಲು ಕಟ್ಟಿದ್ದು ಜರ್ಮನರ ಆ ಗಿಡ್ಡ ತೋಟಾಕ್ಕಾಗಿ, ಆಮೇಲೆ ಬ್ರಿಟಿಷರ 0.280ಕ್ಕಾಗಿ. ಇದನ್ನು ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. 'ದೊಡ್ಡ ತೋಟಾದ ಕ್ಲಾಸಿಕ್' ಎಂದು ಜಗತ್ತು ಕೊಂಡಾಡುವ ರೈಫಲ್, ಮೂಲದಲ್ಲಿ ಚಿಕ್ಕ ತೋಟಾದ ಮಗು. ತಮ್ಮನ ಅಳತೆಗೆ ಹೊಲಿದ ಅಂಗಿಯನ್ನು ಅಣ್ಣನಿಗೆ ತೊಡಿಸಿದ ಹಾಗೆ.

ತೊಡಿಸಿದವರು ಅಮೆರಿಕನ್ನರು. ಎರಡು ಮಹಾಯುದ್ಧಗಳನ್ನು ಗೆದ್ದು ಬಂದ 0.30 ಅಂಗುಲದ ಬಲವಾದ ತೋಟಾ ಅವರದ್ದು. ಅದಕ್ಕಿಂತ ಬಡಕಲಾದ ಯಾವುದನ್ನೂ ತಮ್ಮ ಸೈನಿಕರ ಕೈಗೆ ಕೊಡಲು ಅವರ ಆಯುಧ ವಿಭಾಗ ಒಪ್ಪಲಿಲ್ಲ. ತೋಟಾದ ಉದ್ದ ಹನ್ನೆರಡು ಮಿ.ಮೀ. ಕತ್ತರಿಸಿದರು, ಬಲ ಬಹುತೇಕ ಹಾಗೇ ಉಳಿಸಿಕೊಂಡರು. ನೇಟೋ ಕೂಟ 1954ರ ಹೊತ್ತಿಗೆ ಸರ್ವಸಮ್ಮತವೆಂದು ಒಪ್ಪಿಕೊಂಡ 7.62 ಮಿ.ಮೀ. ತೋಟಾ ಇದೇ. ಸರ್ವಸಮ್ಮತ ಎಂಬ ಪದವನ್ನು ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಬಳಸುವ ಅರ್ಥದಲ್ಲೇ ಇಲ್ಲೂ ತೆಗೆದುಕೊಳ್ಳಬೇಕು.

ಇದರಲ್ಲಿ ಹೆಚ್ಚು ನೋವುಂಡವರು ಬ್ರಿಟಿಷರು. ಅವರ ಬಳಿ ಇಎಂ-2 ಎಂಬ ರೈಫಲ್ ಇತ್ತು. ಮ್ಯಾಗಜಿನ್ ಟ್ರಿಗರ್‌ನ ಹಿಂದೆ, ಹೆಗಲಿನ ಹತ್ತಿರ ಕೂರುವ ವಿನ್ಯಾಸ. ಹಾಗಾಗಿ ನಳಿಗೆಯ ಉದ್ದ ಕಡಿಮೆ ಮಾಡದೆ ರೈಫಲ್ ಗಿಡ್ಡವಾಗುತ್ತಿತ್ತು. 1951ರ ಏಪ್ರಿಲ್‌ನಲ್ಲಿ ಲೇಬರ್ ಸರ್ಕಾರ ಅದನ್ನೇ ಸೇನೆಯ ಹೊಸ ರೈಫಲ್ ಎಂದು ಸಾರಿತು. ಅಕ್ಟೋಬರ್‌ನಲ್ಲಿ ಚುನಾವಣೆ, ಚರ್ಚಿಲ್ ಮರಳಿದರು. ಮಿತ್ರದೇಶಗಳೆಲ್ಲ ಒಂದೇ ತೋಟಾ ಬಳಸುವುದು ಮುಖ್ಯ, ಅಮೆರಿಕದ ಜೊತೆ ಮನಸ್ತಾಪ ಬೇಡ ಎಂದು ಆ ನಿರ್ಧಾರವನ್ನು ಬದಿಗೆ ಸರಿಸಿದರು. ಆರು ತಿಂಗಳು ಬದುಕಿದ ರೈಫಲ್ ಅದು. ಅದು ಯುದ್ಧದಲ್ಲಿ ಹೇಗಿರುತ್ತಿತ್ತೋ ಯಾರಿಗೂ ಗೊತ್ತಿಲ್ಲ; ಸೋಲಲು ಅವಕಾಶವೇ ಸಿಗದ್ದರಿಂದಲೇ ಅದಕ್ಕೆ ಇಷ್ಟು ಅಭಿಮಾನಿಗಳಿದ್ದಾರೆ ಎಂದು ನನ್ನ ಅನುಮಾನ. 1954ರಲ್ಲಿ ಬ್ರಿಟನ್ ಫಾಲ್ ಕಡೆ ಹೊರಳಿತು. ನಾವು ನಿಮ್ಮ ತೋಟಾ ಒಪ್ಪಿದ್ದೇವೆ, ನೀವು ನಮ್ಮ ಕಡೆಯ ರೈಫಲ್ ಒಪ್ಪುತ್ತೀರಿ ಎಂಬ ನಿರೀಕ್ಷೆ ಯುರೋಪಿನಲ್ಲಿತ್ತು.

ಅಮೆರಿಕ ಪರೀಕ್ಷೆಗೇನೋ ಕರೆಯಿತು. ಫಾಲ್‌ಗೆ ಅಲ್ಲಿ ಟಿ-48 ಎಂದು ಹೆಸರು; ಎದುರಾಳಿ ಟಿ-44, ಅವರದ್ದೇ ಹಳೆಯ ಗರಾಂಡ್ ರೈಫಲ್‌ನ ವಂಶದ್ದು. ಮೊದಮೊದಲು ಬೆಲ್ಜಿಯಂನದ್ದೇ ಮುಂದಿತ್ತು. 1953-54ರ ಚಳಿಗಾಲದಲ್ಲಿ ಎರಡನ್ನೂ ಅಲಾಸ್ಕಾಕ್ಕೆ ಒಯ್ದರು. ಹೋಗುವ ಮೊದಲು ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯವರು ತಮ್ಮ ಟಿ-44 ಅನ್ನು ಶೀತಲ ಕೊಠಡಿಯಲ್ಲಿಟ್ಟು ಚಳಿಗೆ ಪಳಗಿಸಿದ್ದರು. ಅತಿಥಿಗೆ ಆ ಉಪಚಾರ ಸಿಕ್ಕಿರಲಿಲ್ಲ. ಹಿಮದಲ್ಲಿ ಅದು ಮುಷ್ಕರ ಹೂಡಿತು. ಗುಂಡು ಸಿಡಿದಾಗ ಹುಟ್ಟುವ ಅನಿಲದ ಒಂದಂಶವನ್ನು ಹಿಂದಕ್ಕೆ ತಿರುಗಿಸಿ ಅದರ ಬಲದಿಂದಲೇ ಮುಂದಿನ ತೋಟಾ ತುಂಬಿಕೊಳ್ಳುವ ರೈಫಲ್‌ಗಳು ಇವು. ಚಳಿಗೆ ಎಣ್ಣೆ ಗಟ್ಟಿಯಾದರೆ ಆ ಬಲ ಸಾಲುವುದಿಲ್ಲ. ಎಫ್‌ಎನ್‌ನವರು ಬಂದು ಅನಿಲ ಹೋಗುವ ರಂಧ್ರ ದೊಡ್ಡದು ಮಾಡಿದರು, ಒತ್ತಡ ಹೆಚ್ಚಾಗಿ ಬಿಡಿಭಾಗಗಳು ಬೇಗ ಮುರಿಯತೊಡಗಿದವು. ಮುಂದಿನ ಸುತ್ತುಗಳಲ್ಲಿ ಎರಡೂ ಸರಿಸಮ ಎನ್ನುವಷ್ಟಾದವು. ಸರಿಸಮವಾದರೆ ಮನೆಯದ್ದಕ್ಕೇ ಪ್ರಾಶಸ್ತ್ಯ. ತುಸು ಹಗುರ, ಬಿಡಿಭಾಗ ಕಡಿಮೆ, ಗರಾಂಡ್ ಮಾಡಿದ ಯಂತ್ರಗಳಲ್ಲೇ ತಯಾರಿಸಬಹುದು ಎಂಬ ಕಾರಣ ಕೊಟ್ಟು 1957ರಲ್ಲಿ ಅದನ್ನೇ ಎಂ-14 ಎಂದು ಒಪ್ಪಿಕೊಂಡರು. ಯಂತ್ರಗಳ ಮಾತು ಆಮೇಲೆ ಬಹುಪಾಲು ಹುಸಿಯಾಯಿತು. ಏಳು ವರ್ಷ ತುಂಬುವುದರೊಳಗೆ ಎಂ-14ರ ತಯಾರಿಕೆಯೇ ನಿಂತು, ವಿಯೆಟ್ನಾಂ ಕಾಡುಗಳಲ್ಲಿ ಅಮೆರಿಕನ್ನರ ಕೈಗೆ ಎಂ-16 ಬಂತು. ಅದರ ತೋಟಾ 5.56 ಮಿ.ಮೀ., ಬ್ರಿಟಿಷರು ಬೇಡಿಕೊಂಡಿದ್ದಕ್ಕಿಂತಲೂ ಚಿಕ್ಕದು!

ಜರ್ಮನಿಯ ಕತೆ ಇನ್ನೊಂದು ಥರ. ಪಶ್ಚಿಮ ಜರ್ಮನಿ ಹೊಸದಾಗಿ ಸೇನೆ ಕಟ್ಟಿಕೊಂಡಾಗ ಮೊದಲು ಕೊಂಡದ್ದು ಫಾಲ್ ಅನ್ನೇ, ಜಿ-1 ಎಂಬ ಹೆಸರಲ್ಲಿ. ತಾವೇ ತಯಾರಿಸಿಕೊಳ್ಳಲು ಪರವಾನಗಿ ಕೇಳಿದರು. ಬೆಲ್ಜಿಯಂ ಕೊಡಲಿಲ್ಲ. ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಎರಡು ಸಲ ಆ ನೆಲವನ್ನು ಜರ್ಮನ್ ಬೂಟುಗಳು ತುಳಿದಿದ್ದವು. ಹರ್ಸ್ಟಾಲ್‌ನ ಅದೇ ಕಾರ್ಖಾನೆಯನ್ನು ಆಕ್ರಮಿಸಿಕೊಂಡವರು ನಡೆಸಿದ್ದರು. ನಿರಾಕರಣೆಗೆ ಕಾರಣ ಆ ನೆನಪೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಜರ್ಮನರು ಸ್ಪೇನಿಗೆ ಹೋದರು. ಅಲ್ಲಿ ಮೌಸರ್ ಕಂಪನಿಯ ಹಳೆಯ ಎಂಜಿನಿಯರ್ ಲುಡ್ವಿಗ್ ಫೋರ್ಗ್ರಿಮ್ಲರ್, ಯುದ್ಧದ ಕೊನೆಯಲ್ಲಿ ಅರ್ಧಕ್ಕೆ ನಿಂತಿದ್ದ ಜರ್ಮನ್ ವಿನ್ಯಾಸವನ್ನು ಸೆಟ್‌ಮೆ ಎಂಬ ರೈಫಲ್ ಆಗಿ ಪೂರ್ತಿ ಮಾಡಿದ್ದರು. ಊರು ಬಿಟ್ಟು ಹೋಗಿದ್ದ ಕೂಸು 1959ರಲ್ಲಿ ಜಿ-3 ಆಗಿ ತವರಿಗೆ ಬಂತು. ಮುಂದೆ ಪಾಕಿಸ್ತಾನ ಅದನ್ನೇ ವಾಹ್‌ನ ತನ್ನ ಕಾರ್ಖಾನೆಯಲ್ಲಿ ತಯಾರಿಸಿತು. ಹೀಗೆ ಪಂಜಾಬಿನ ಗಡಿಯ ಈಚೆ ಫಾಲ್‌ನ ಸಂತಾನ, ಆಚೆ ಜಿ-3. ಬೆಲ್ಜಿಯಂ ಹಳೆಯ ಗಾಯ ಮರೆತು ಸಹಿ ಹಾಕಿದ್ದರೆ ಎರಡೂ ಕಡೆ ಒಂದೇ ಇರುತ್ತಿತ್ತೋ ಏನೋ. ಅದೇನೂ ಅಪರೂಪವಲ್ಲ. 1982ರಲ್ಲಿ ಫಾಕ್ಲೆಂಡ್ ದ್ವೀಪಗಳಲ್ಲಿ ಬ್ರಿಟಿಷರೂ ಅರ್ಜೆಂಟೀನಾದವರೂ ಒಬ್ಬರ ಮೇಲೊಬ್ಬರು ಫಾಲ್‌ನಿಂದಲೇ ಗುಂಡು ಹಾರಿಸಿದರು.

ಎರಡೂ ಕಡೆಯ ಆ ಫಾಲ್‌ಗಳಲ್ಲಿ ಒಂದು ಮುಖ್ಯ ವ್ಯತ್ಯಾಸವಿತ್ತು. ನನ್ನ ಮಟ್ಟಿಗೆ ಇಡೀ ಕತೆಯ ಹೃದಯ ಇರುವುದು ಅದರಲ್ಲಿ.

ಫಾಲ್‌ನ ಎಡಪಕ್ಕದಲ್ಲಿ, ಹೆಬ್ಬೆರಳಿಗೆ ಎಟುಕುವಂತೆ ಒಂದು ಚಿಕ್ಕ ಲಿವರ್. ಬೆಲ್ಜಿಯಂನಿಂದ ಬಂದದ್ದರಲ್ಲಿ ಅದಕ್ಕೆ ಮೂರು ನೆಲೆ. ಒಂದರಲ್ಲಿ ಭದ್ರ, ಟ್ರಿಗರ್ ಒತ್ತಿದರೂ ಏನೂ ಆಗದು. ಎರಡನೆಯದರಲ್ಲಿ, ಒಮ್ಮೆ ಒತ್ತಿದರೆ ಒಂದು ಗುಂಡು. ಖಾಲಿ ಕವಚವನ್ನು ರೈಫಲ್ ತಾನೇ ಹೊರಗೆಸೆದು ಮುಂದಿನದ್ದನ್ನು ತುಂಬಿಕೊಳ್ಳುತ್ತದೆ, ಮತ್ತೆ ಒತ್ತಬೇಕು. ಮೂರನೆಯದರಲ್ಲಿ, ಬೆರಳು ಬಿಡುವವರೆಗೆ ಅಥವಾ ಇಪ್ಪತ್ತೂ ಮುಗಿಯುವವರೆಗೆ ಮಳೆ. ಅರ್ಜೆಂಟೀನಾದವರ ಬಳಿ ಇದ್ದದ್ದು ಇದು. ಬ್ರಿಟಿಷರು ತಮ್ಮದರಲ್ಲಿ ಮೂರನೆಯ ನೆಲೆಯನ್ನು ತೆಗೆದುಹಾಕಿದರು. 'ಎಸ್', 'ಆರ್' ಎಂಬ ಎರಡೇ ಗುರುತು. ಭಾರತವೂ ಹಾಗೇ ಮಾಡಿತು. ನಮ್ಮಲ್ಲಿ ಎಸ್‌ಎಲ್‌ಆರ್ ಎಂದು ಎಲ್ಲರೂ ಕರೆಯುವ, ಚುನಾವಣೆ ಬಂದೋಬಸ್ತಿಗೆ ಬಂದ ಪೊಲೀಸರ ಹೆಗಲಲ್ಲಿ ಇಂದಿಗೂ ಕಾಣುವ ಮರದ ಹಿಡಿಯ ಉದ್ದನೆಯ ರೈಫಲ್ ಇದು. ಸೆಲ್ಫ್ ಲೋಡಿಂಗ್ ರೈಫಲ್ ಎನ್ನುವ ಹೆಸರಲ್ಲೇ ಅದರ ಮಿತಿಯೂ ಇದೆ. ತಾನೇ ತುಂಬಿಕೊಳ್ಳುತ್ತದೆ. ತಾನೇ ಹಾರಿಸುವುದಿಲ್ಲ.

ಯಾಕೆ ತೆಗೆದರು? ಮೊದಲ ಉತ್ತರ ತಾಂತ್ರಿಕ, ಮತ್ತು ಅದು ಸರಿಯಾದದ್ದೇ. ದೊಡ್ಡ ತೋಟಾದ ಒದೆತಕ್ಕೆ ಎರಡನೆಯ ಗುಂಡಿನ ಹೊತ್ತಿಗೆ ನಳಿಗೆ ಮೇಲೇಳುತ್ತದೆ, ಮೂರನೆಯದು ಆಕಾಶಕ್ಕೆ ಹೋಗುತ್ತದೆ. ಎಂ-14ರಲ್ಲಿ ಆ ಸೌಲಭ್ಯ ಇಟ್ಟಿದ್ದ ಅಮೆರಿಕನ್ನರು ಕೂಡ ಬಹುಪಾಲು ಸೈನಿಕರಿಗೆ ಕೊಡುವಾಗ ಅದನ್ನು ಬೀಗ ಹಾಕಿಯೇ ಕೊಟ್ಟರು. ಎರಡನೆಯ ಉತ್ತರ ತಾಂತ್ರಿಕವಲ್ಲ. ಅದು ಸೈನಿಕನ ಬಗ್ಗೆ ಮೇಲಿನವರಿಗಿದ್ದ ಅಭಿಪ್ರಾಯ. ಇಪ್ಪತ್ತನೇ ಶತಮಾನದ ಆರಂಭದ ಲೀ-ಎನ್‌ಫೀಲ್ಡ್ ರೈಫಲ್‌ನಲ್ಲಿ ಮ್ಯಾಗಜಿನ್ ಮೇಲೆ ಅಡ್ಡಲಾಗಿ ಸರಿಯುವ ಒಂದು ತೆಳ್ಳನೆಯ ತಗಡು ಇರುತ್ತಿತ್ತು. ಅದನ್ನು ಒಳಗೆ ತಳ್ಳಿದರೆ ಮ್ಯಾಗಜಿನ್ನಿನಲ್ಲಿ ಹತ್ತು ತೋಟಾ ಇದ್ದರೂ ಸಿಗದು. ಒಂದೊಂದೇ ಕೈಯಿಂದ ಇಟ್ಟು ಹಾರಿಸಬೇಕು. ಹತ್ತೂ ಒಮ್ಮೆಗೇ ಸಿಕ್ಕರೆ ಸಿಪಾಯಿ ಗಾಬರಿಯಲ್ಲಿ ಹಾರಿಸಿ ಮುಗಿಸುತ್ತಾನೆ ಎಂಬ ಭಯ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಆ ತಗಡು ಅಸಂಬದ್ಧವೆಂದು ಗೊತ್ತಾಗಿ ಅದನ್ನು ಕೈಬಿಟ್ಟರು. ಅನುಮಾನ ಮಾತ್ರ ಹೋಗಲಿಲ್ಲ, ಐವತ್ತು ವರ್ಷದ ನಂತರ ಲಿವರ್ ಆಗಿ ಬಂತು. ನಮ್ಮ ಹಳೆಯ ಅಡುಗೆಮನೆಗಳಲ್ಲಿ ತುಪ್ಪದ ಗಿಂಡಿ ಸೊಸೆಯ ಕೈಗೆಟುಕದ ನಾಗಂದಿಗೆಯ ಮೇಲೆ ಇರುತ್ತಿತ್ತಲ್ಲ, ಅದೇ ನ್ಯಾಯ. ಆದರೆ ಇದರಲ್ಲೊಂದು ತಿರುವೂ ಇದೆ. ಒಂದೊತ್ತಿಗೆ ಒಂದೇ ಗುಂಡು ಎಂದರೆ ಪ್ರತಿ ಗುಂಡಿಗೂ ಒಂದು ನಿರ್ಧಾರ. ಸೈನಿಕನನ್ನು ನಂಬದೆ ಮಾಡಿದ ಏರ್ಪಾಡು ಅವನನ್ನೇ ಗುರಿಕಾರನನ್ನಾಗಿ ಮಾಡಿತು. ಮಳೆ ಸುರಿಸಲು ಬಾರದವನು ನೋಡಿ ಹೊಡೆಯಲೇಬೇಕು.

ಈಗ 1962ಕ್ಕೆ ಬರುತ್ತೇನೆ. ಆ ಅಕ್ಟೋಬರ್-ನವೆಂಬರ್‌ನಲ್ಲಿ ಹಿಮಾಲಯದ ಮೇಲಿದ್ದ ನಮ್ಮ ಜವಾನರ ಕೈಯಲ್ಲಿದ್ದದ್ದು ತ್ರೀ-ನಾಟ್-ತ್ರೀ, ಅದೇ ಲೀ-ಎನ್‌ಫೀಲ್ಡ್. ಪ್ರತಿ ಗುಂಡಿಗೂ ಬೋಲ್ಟ್ ಎತ್ತಿ, ಹಿಂದೆಳೆದು, ಮುಂದೆ ತಳ್ಳಿ, ಮಡಚಬೇಕು. ಎದುರಿಗಿದ್ದ ಚೀನೀ ಸೈನಿಕರ ಬಳಿ ಅರೆ-ಸ್ವಯಂಚಾಲಿತ ಮತ್ತು ಸ್ವಯಂಚಾಲಿತ ಆಯುಧಗಳು. ನವೆಂಬರ್ 18ರಂದು ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಕುಮಾವೂಂ ತುಕಡಿ ಹೆಚ್ಚುಕಡಿಮೆ ಕೊನೆಯ ಮನುಷ್ಯನವರೆಗೆ ಹೋರಾಡಿದ್ದು ಇಂಥ ರೈಫಲ್‌ಗಳನ್ನು ಹಿಡಿದುಕೊಂಡೇ. ಸೋಲಿನ ನಂತರ ದೇಶಕ್ಕೆ ಒಂದು ವಿವರಣೆ ಬೇಕಿತ್ತು, 'ಹಳೆಯ ಬಂದೂಕು' ಆ ವಿವರಣೆಯಾಯಿತು. ನನಗೆ ಅದು ಅರ್ಧ ಮಾತ್ರ ಸರಿ ಎನಿಸುತ್ತದೆ. ಚಳಿಯ ಉಡುಪು ಇರಲಿಲ್ಲ, ರಸ್ತೆ ಇರಲಿಲ್ಲ, ಎತ್ತರಕ್ಕೆ ಒಗ್ಗಿಕೊಳ್ಳಲು ಸಮಯ ಕೊಟ್ಟಿರಲಿಲ್ಲ, ದೆಹಲಿಯ ನಕ್ಷೆಗೂ ಬೆಟ್ಟಕ್ಕೂ ತಾಳೆ ಇರಲಿಲ್ಲ. ಬಂದೂಕಿನ ಮೇಲೆ ತಪ್ಪು ಹೊರಿಸುವುದರಲ್ಲಿ ಒಂದು ಅನುಕೂಲವಿದೆ: ಬಂದೂಕನ್ನು ಬದಲಾಯಿಸಬಹುದು.

ಬದಲಾಯಿಸಿದರು. ಪುಣೆಯ ಆಯುಧ ಸಂಶೋಧನಾ ಸಂಸ್ಥೆಯವರು ಬ್ರಿಟಿಷ್, ಬೆಲ್ಜಿಯಂ, ಆಸ್ಟ್ರೇಲಿಯಾ ಮೂರೂ ಕಡೆಯ ಫಾಲ್‌ಗಳನ್ನು ತರಿಸಿ, ಬಿಚ್ಚಿ ನೋಡಿದರು. ಎಫ್‌ಎನ್ ಜೊತೆಗಿನ ಮಾತುಕತೆ ಮುರಿದುಬಿತ್ತು. ಅವರ ಶರತ್ತುಗಳು, ರಾಯಧನ ನಮಗೆ ದುಬಾರಿ ಎನಿಸಿದವು. ನಮ್ಮವರು ಪರವಾನಗಿಯ ಗೊಡವೆ ಬಿಟ್ಟು ಕೋಲ್ಕತ್ತದ ಹತ್ತಿರ ಹೂಗ್ಲಿ ದಂಡೆಯ ಇಛಾಪುರ ಕಾರ್ಖಾನೆಯಲ್ಲಿ 1ಎ1 ಎಂಬ ಹೆಸರಿನಲ್ಲಿ ತಮ್ಮದೇ ರೂಪ ತಯಾರಿಸಿದರು. ಬ್ರಿಟಿಷ್ ಮಾದರಿಯ ಹಿಡಿ, ಬೆಲ್ಜಿಯಂ ಮಾದರಿಯ ಕೆಲವು ಅಳತೆ. ಹಲವು ಬಿಡಿಭಾಗಗಳು ಎರಡಕ್ಕೂ ಹೊಂದುವುದಿಲ್ಲ. ಎಫ್‌ಎನ್ ತಕರಾರು ತೆಗೆಯಿತು. ಭಾರತ ಅವರಿಂದ ಒಂದಿಷ್ಟು ರೈಫಲ್‌ಗಳನ್ನು ಕೊಂಡು ಸಮಾಧಾನ ಮಾಡಿತು. ಇದನ್ನು ಕಳ್ಳತನ ಎನ್ನುವವರಿದ್ದಾರೆ, ಸ್ವಾವಲಂಬನೆ ಎನ್ನುವವರೂ. ಕಾರ್ಖಾನೆಯ ನೆಲದ ಮೇಲೆ ನಿಂತು ನೋಡಿದರೆ ಎರಡಕ್ಕಿಂತಲೂ ಅದು ಕಷ್ಟದ ಕೆಲಸ. ನೀಲಿನಕ್ಷೆ ಇಲ್ಲದೆ, ಕೈಯಲ್ಲಿರುವ ವಸ್ತುವನ್ನು ಅಳೆದಳೆದು, ಇಲ್ಲಿ ಇಷ್ಟು ಸಡಿಲ ಯಾಕಿದೆ, ಅಲ್ಲಿ ಅಷ್ಟು ಬಿಗಿ ಯಾಕಿದೆ ಎಂದು ಊಹಿಸಿ ಮತ್ತೊಂದನ್ನು ಮಾಡುವುದು. ಅಷ್ಟರಲ್ಲಿ ಕೊರತೆ ತುಂಬಲು ಅದೇ ಕಾರ್ಖಾನೆ ಹಳೆಯ ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ ಗಟ್ಟಿ ಉಕ್ಕಿನಲ್ಲಿ ಹೊಸ 7.62 ತೋಟಾಕ್ಕೆ ಒಗ್ಗಿಸಿ 2ಎ ಎಂಬ ಬೋಲ್ಟ್ ರೈಫಲ್ ಕೂಡ ತಯಾರಿಸಿತು. ಹಳೆಯ ಕೋವಿ, ಹೊಸ ತೋಟಾ. ಮಲೆನಾಡಿನ ಹೆಸರಿಡುವ ಕ್ರಮಕ್ಕೆ ಸವಾಲಾಗುವಂಥದ್ದು.

ಇಷ್ಟೆಲ್ಲ ಓದಿಕೊಂಡ ಮೇಲೆ ನಾನು ಬೆಳಗಾವಿ ಜಿಲ್ಲೆಯ ನಮ್ಮೂರಿಗೆ ಹೋಗಿ ಅಜ್ಜನ ಮುಂದೆ ಕೂತೆ. ತಾಯಿಯ ತಂದೆ. 1963ರಲ್ಲಿ ಭರ್ತಿಯಾದವರು, ಕಾಲ್ದಳದಲ್ಲಿ ಹದಿನೈದು ವರ್ಷ. ತರಬೇತಿ ಪಡೆದದ್ದು ತ್ರೀ-ನಾಟ್-ತ್ರೀಯಲ್ಲಿ, 71ರ ಯುದ್ಧಕ್ಕೆ ಹೋದದ್ದು ಎಸ್‌ಎಲ್‌ಆರ್ ಹಿಡಿದು. ಅಂದರೆ ನಾನು ಕಾಗದದಲ್ಲಿ ಓದಿದ ಆಯ್ಕೆಯನ್ನು ಹೆಗಲಲ್ಲಿ ಹೊತ್ತವರು. ಎಡಗಿವಿ ಕೇಳುವುದಿಲ್ಲವಾದ್ದರಿಂದ ನಾವೆಲ್ಲ ಚಿಕ್ಕಂದಿನಿಂದ ಅವರ ಬಲಕ್ಕೇ ಕೂತು ಅಭ್ಯಾಸ. ಬಲಗೈಯವರು ರೈಫಲ್‌ಗೆ ಕೆನ್ನೆ ಕೊಟ್ಟು ಗುರಿ ಹಿಡಿದಾಗ ಎಡಗಿವಿ ನಳಿಗೆಯ ಬಾಯಿಯ ಕಡೆ ತಿರುಗಿರುತ್ತದೆ, ಬಲಗಿವಿ ತಲೆಯ ಮರೆಯಲ್ಲಿರುತ್ತದೆ ಎಂದು ನನಗೆ ತಿಳಿದದ್ದು ಸಂಶೋಧನೆಗೆ ಇಳಿದ ಮೇಲೆ. ಅಲ್ಲಿಯವರೆಗೆ ಅದು ಮುಪ್ಪು ಎಂದುಕೊಂಡಿದ್ದೆವು.

"ಅಜ್ಜಾ, ತ್ರೀ-ನಾಟ್-ತ್ರೀ ಚಲೋ ಇತ್ತೋ, ಎಸ್ಸೆಲ್ಲಾರ್ ಚಲೋ ಇತ್ತೋ? ಆರಿಸ್ಕೋ ಅಂದಿದ್ರ ಯಾವದು ಆರಿಸ್ತಿದ್ದಿ?"

"ಆರಿಸೂದೇನ್ ಬಂತವಾ? ಸಂತ್ಯಾಗ ಎತ್ತು ನೋಡಿದಂಗ ಹಲ್ಲು ಹಿಡಿದು ನೋಡ್ತಿದ್ವೇನ ನಾವು? ಕೋತ್ ಮುಂದ ಸಾಲಾಗಿ ನಿಲ್ಲಸ್ತಿದ್ರು. ನಂಬರ್ ಕರೀತಿದ್ರು. ಕೈ ಮುಂದ ಮಾಡ್ತಿದ್ವಿ."

ಸೇನೆಯಲ್ಲಿ ಶಸ್ತ್ರಾಗಾರಕ್ಕೆ ಕೋತ್ ಎನ್ನುತ್ತಾರೆ. ಆ ರೈಫಲ್‌ನ ನಂಬರು ಅವರಿಗೆ ಇನ್ನೂ ನೆನಪಿದೆ. ನನ್ನ ಅವ್ವ ಹುಟ್ಟಿದ ತಾರೀಖು ನೆನಪಿಲ್ಲ. ನಾನು ಬಿಡಲಿಲ್ಲ, ಕೆದಕಿದೆ. ಬೋಲ್ಟ್ ಎಳೆಯುವ ಕೆಲಸ ತಪ್ಪಿದ್ದು ದೊಡ್ಡದಲ್ಲವೇ? ದೊಡ್ಡದೇ, ಎಂದರು. ಮಲಗಿಕೊಂಡು ಹೊಡೆಯುವಾಗ ಗುರಿಯಿಂದ ಕಣ್ಣು ತೆಗೆಯಬೇಕಿಲ್ಲ, ಮೊಣಕೈ ಕದಲಿಸಬೇಕಿಲ್ಲ, ಕತ್ತಲಲ್ಲಿ ಕೈಯ ಓಡಾಟ ಎದುರಿನವನಿಗೆ ಕಾಣುವುದಿಲ್ಲ. ಆಮೇಲೆ ತಾವಾಗಿಯೇ ದೂರುಗಳನ್ನು ಎಣಿಸತೊಡಗಿದರು. ಉದ್ದ ಜಾಸ್ತಿ, ಲಾರಿ ಹತ್ತಿ ಇಳಿಯುವಾಗ ಪಕ್ಕದವನ ಮೋರೆಗೆ ಬಡಿಯುತ್ತಿತ್ತು. ತ್ರೀ-ನಾಟ್-ತ್ರೀಗೆ ಫುಲ್‌ಥ್ರೂ ಹಗ್ಗಕ್ಕೆ ಚಿಂದಿ ಕಟ್ಟಿ ನಾಲ್ಕು ಸಲ ಎಳೆದರೆ ಮುಗಿಯಿತು. ಇದಕ್ಕೆ ಅನಿಲದ ಕೊಳವೆ, ಅದರೊಳಗಿನ ಪಿಸ್ಟನ್, ಅದರ ಸ್ಪ್ರಿಂಗು, ಎಲ್ಲಕ್ಕೂ ಹಿಡಿದ ಮಸಿ ಕೆರೆಯಬೇಕು. ಕೆರೆಯದಿದ್ದರೆ? "ಹಡೆ ಹಿಡಿದ ಎತ್ತಿನಂಗ ನಿಂತು ಬಿಡ್ತಿತ್ತು." ಹೆಗಲ ಮೂಳೆಯ ಹತ್ತಿರ ಕೈಯಿಟ್ಟು ತೋರಿಸಿದರು, ಎಳೆಯರಿದ್ದಾಗ ಫೈರಿಂಗ್ ಇದ್ದ ವಾರವೆಲ್ಲ ಅಲ್ಲಿ ನೀಲಿಗಟ್ಟಿರುತ್ತಿತ್ತಂತೆ. ಆ ಲಿವರ್‌ನ ಮೂರನೆಯ ನೆಲೆಯ ಬಗ್ಗೆ ಹೇಳಿದೆ. ಬೇರೆ ದೇಶದವರಿಗೆ ಅದಿತ್ತು, ನಿಮಗೆ ಕೊಡಲಿಲ್ಲ ಎಂದೆ. ಅದನ್ನು ಕೇಳಿ ಸಿಟ್ಟಾಗುತ್ತಾರೆ ಎಂದು ಎಣಿಸಿದ್ದೆ. ಅವರು ನಕ್ಕರು. "ಚಲೋ ಆತು ಬಿಡು. ಹಂಗ ಹಾರಿಸಿದ್ರ ಮತ್ತ ಗುಂಡು ಹೊರಾವ್ರು ಯಾರು?"

ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಅವರ ಮಾತುಗಳನ್ನು ಬರೆದು ಪಕ್ಕದಲ್ಲಿ ಲೆಕ್ಕ ಹಾಕಿದೆ. 7.62ರ ಒಂದು ತೋಟಾ ಸುಮಾರು 24 ಗ್ರಾಂ. ನೂರು ತೋಟಾ ಎಂದರೆ ಎರಡು ಕಿಲೋ ನಾನೂರು ಗ್ರಾಂ, ಮ್ಯಾಗಜಿನ್ ಬಿಟ್ಟು. 5.56 ಆದರೆ ಅದರ ಅರ್ಧ. 1950ರ ದಶಕದ ಅಷ್ಟೂ ಚರ್ಚೆಯನ್ನು, ಚರ್ಚಿಲ್‌ರನ್ನೂ ಅಲಾಸ್ಕಾವನ್ನೂ ಸೇರಿಸಿ, ಅಜ್ಜ ಒಂದು ಪ್ರಶ್ನೆಗೆ ಇಳಿಸಿದ್ದರು: ಹೊರುವವರು ಯಾರು? ಪರೀಕ್ಷೆಗಳಲ್ಲಿ ಸೈನಿಕರೇ ಇರಲಿಲ್ಲ ಎಂದೇನೂ ಅಲ್ಲ. ಎಲ್ಲ ದೇಶಗಳಲ್ಲೂ ಸೈನಿಕರ ಕೈಗೆ ಕೊಟ್ಟೇ ಪರೀಕ್ಷಿಸುತ್ತಿದ್ದರು, ಎಷ್ಟು ಗುಂಡಿಗೆ ಎಷ್ಟು ಸಲ ಸಿಕ್ಕಿಕೊಂಡಿತು ಎಂದು ಬರೆದುಕೊಳ್ಳುತ್ತಿದ್ದರು. ತೋಟಾವನ್ನು ನಿಗದಿ ಮಾಡಿದ ಕೋಣೆಗೆ ಮಾತ್ರ ಅವರನ್ನು ಕರೆಯಲಿಲ್ಲ.

ಮುಂದಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 1990ರ ದಶಕದಲ್ಲಿ ಎಸ್‌ಎಲ್‌ಆರ್ ಜಾಗಕ್ಕೆ ಇನ್ಸಾಸ್ ಬಂತು, ತೋಟಾ 5.56. ಹಗುರವಾಯಿತು. ಆದರೆ ಕಾಶ್ಮೀರದಲ್ಲಿ ಅದರ ಬಗ್ಗೆ ದೂರುಗಳು ಬಂದವು. ಗುಂಡು ತಗುಲಿದ ಮೇಲೂ ಎದುರಾಳಿ ನಿಲ್ಲುತ್ತಾನೆ, ನಮಗೆ ಬಲವಾದದ್ದು ಬೇಕು ಎಂದು. ಎರಡೂ ಅಳತೆಯ ತೋಟಾ ಹಾರಿಸಬಲ್ಲ ರೈಫಲ್ ಬೇಕೆಂದು ಕರೆದಿದ್ದ ಟೆಂಡರ್ 2015ರಲ್ಲಿ ರದ್ದಾಯಿತು. ಕೊನೆಗೆ 2019ರ ಫೆಬ್ರವರಿಯಲ್ಲಿ ಸಿಗ್ ಸಾವರ್ ಕಂಪನಿಯ 72,400 ರೈಫಲ್‌ಗಳಿಗೆ ಒಪ್ಪಂದವಾಯಿತು. ಅದರ ತೋಟಾ ಯಾವುದು ಗೊತ್ತೇ? 7.62, 51 ಮಿ.ಮೀ. ಉದ್ದದ್ದು. ಅಮೆರಿಕನ್ನರು ಹನ್ನೆರಡು ಮಿ.ಮೀ. ಕತ್ತರಿಸಿ ಎಲ್ಲರಿಗೂ ತೊಡಿಸಿದ್ದ ಅದೇ ಅಣ್ಣನ ಅಳತೆ. ಅದರ ಜೊತೆಗೇ ಅಮೇಠಿಯ ಕೋರ್ವಾದಲ್ಲಿ ಕಲಾಶ್ನಿಕೋವ್ ವಂಶದ ಎಕೆ-203 ತಯಾರಿಸುವ ಕಾರ್ಖಾನೆಯೂ ಶುರುವಾಯಿತು, ಅದರದ್ದು ಗಿಡ್ಡ ತೋಟಾ. ಅಂದರೆ 1950ರ ಜಗಳದ ಎರಡೂ ಕಕ್ಷಿಗಳು ಈಗ ನಮ್ಮ ಒಂದೇ ಸೇನೆಯಲ್ಲಿವೆ.

ಸಿಗ್ ರೈಫಲ್‌ನ ಚಿತ್ರವನ್ನು ಈ ಸಲ ಊರಿಗೆ ಹೋದಾಗ ಅಜ್ಜನಿಗೆ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದರು. ಮರ ಎಲ್ಲೂ ಇಲ್ಲದ್ದು ಅವರಿಗೆ ಸರಿಬರಲಿಲ್ಲ.

"ತೂಕ ಎಷ್ಟವಾ?"

ಕಂಪನಿಯ ಕ್ಯಾಟಲಾಗಿನಲ್ಲಿದ್ದ ಅಂಕಿ ಓದಿ ಹೇಳಿದೆ.

"ಮ್ಯಾಗಜಿನ್ ತುಂಬಿದ್ದೋ, ಖಾಲಿದೋ?"

ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಖಾಲಿಯದ್ದು.